ಟೊಂಗೆ, ತಂತಿ, ನಡುವೆ ಮಾಸ್ತರರು

ಬೆಳಗಾವಿಯ ಗಲ್ಲಿಗಳಲ್ಲಿ ಗಿಡದ ಟೊಂಗೆ ಕಡಿಯುವುದು ಸಾರ್ವಜನಿಕ ಕಾರ್ಯಕ್ರಮ. ಕಡಿಯುವವನು ಒಬ್ಬ, ಹಗ್ಗ ಹಿಡಿಯುವವನು ಇನ್ನೊಬ್ಬ, ಸಲಹೆ ಕೊಡುವವರು ಉಳಿದವರೆಲ್ಲ. ಸಲಹೆ ಕನ್ನಡದಲ್ಲಿ ಶುರುವಾಗಿ, ಮರಾಠಿಯಲ್ಲಿ ಕಾವೇರಿ, ಟೊಂಗೆ ಬೀಳುವ ಹೊತ್ತಿಗೆ ಬರೀ ಕೂಗಾಗಿ ಮುಗಿಯುತ್ತದೆ.

ಈ ಪದ್ಧತಿಗೆ ಕೊಡಲಿಪೆಟ್ಟು ಹಾಕಲೆಂದೇ ಟಿಳಕವಾಡಿಯ ನಿವೃತ್ತ ಮಾಸ್ತರರೊಬ್ಬರು ಬ್ಯಾಟರಿ ಗರಗಸ ತರಿಸಿದರು. ತುಂಡು ತುಂಡಾಗಿ ಜೋಡಿಸುವ ಹತ್ತಡಿ ಅಲ್ಯೂಮಿನಿಯಂ ಗಳ, ತುದಿಯಲ್ಲಿ ಎಂಟಿಂಚಿನ ಪಟ್ಟಿ, ಪಟ್ಟಿಯ ಸುತ್ತ ಓಡುವ ಹಲ್ಲಿನ ಸರಪಳಿ, ಬುಡದಲ್ಲಿ ಲಿಥಿಯಂ ಬ್ಯಾಟರಿ. "ನಿಚ್ಚಣಿಕೆ ಬ್ಯಾಡ, ಆಳು ಬ್ಯಾಡ, ವೈರೂ ಬ್ಯಾಡ" ಎಂದು ಅವರು ಸಾರಿದರು. ಅಂಗಳದ ಮಾವಿನ ಗಿಡದಲ್ಲಿ ಕಾಂಡ ಕೊರೆಯುವ ಹುಳವನ್ನು ಕಂಡರೆ ಕಿಡಿಕಾರುವವರು ಆ ಹುಳದ ಶಿಷ್ಯನನ್ನೇ ಕೊಂಡು ತಂದಿದ್ದರು. 1940ರ ದಶಕದಲ್ಲಿ ಜೋಸೆಫ್ ಕಾಕ್ಸ್ ಎಂಬ ಅಮೆರಿಕದ ಮರಕಡಿಯುವವ ಹಳೇ ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ಕಟ್ಟಿಗೆ ಕೊರೆಯುವುದನ್ನು ನೋಡಿಯೇ ಗರಗಸದ ಸರಪಳಿಗೆ ಈಗಿನ ಬಾಗಿದ ಹಲ್ಲಿನ ರೂಪ ಕೊಟ್ಟದ್ದು.

ವೈರು ಬೇಡವಾಗಿದ್ದು ಗರಗಸಕ್ಕೆ ಮಾತ್ರ. ಮಾಸ್ತರರ ಗುಲ್‌ಮೊಹರ್ ಗಿಡದ ಮಗ್ಗುಲಲ್ಲೇ ಹೆಸ್ಕಾಂ ತಂತಿ, ಅದರ ಕೆಳಗೆ ಟೀವಿ ಕೇಬಲ್, ಅದಕ್ಕೆ ಸುತ್ತಿಕೊಂಡು ಇಂಟರ್ನೆಟ್ ವೈರು. ಬ್ಯಾಟರಿಯದಾದರೇನು, ಅಲ್ಯೂಮಿನಿಯಂ ಗಳ ತಂತಿಗೆ ತಾಗಿದರೆ ಕರೆಂಟು ನೇರ ಕೈಗೆ ಇಳಿಯುತ್ತದೆ. ಅದಕ್ಕೇ ಇಂಥ ಗರಗಸಗಳ ಕೆಲವು ಕೈಪಿಡಿಗಳು ವಿದ್ಯುತ್ ತಂತಿಯಿಂದ 15 ಮೀಟರ್ ದೂರವಿರಿ ಎನ್ನುತ್ತವೆ. ಟಿಳಕವಾಡಿಯಲ್ಲಿ 15 ಮೀಟರ್ ದೂರ ಹೋದರೆ ಎದುರು ಮನೆಯವರ ಅಡುಗೆಮನೆಯಲ್ಲಿ ನಿಲ್ಲಬೇಕು, ಅಲ್ಲಿಯೂ ಮೇಲೆ ಇನ್ನೊಂದು ತಂತಿ. ಬರೆದವರು ನಮ್ಮ ಗಲ್ಲಿಗಳನ್ನು ನೋಡಿರಲಿಕ್ಕಿಲ್ಲ, ಆದರೆ ಹೇಳಿದ್ದು ಸುಳ್ಳಲ್ಲ.

ಕಡೆಗೆ ಹೆಸ್ಕಾಂಗೆ ಫೋನು ಹೋಯಿತು. ಮಳೆಗಾಲಕ್ಕೆ ಮುಂಚೆ ಲೈನ್ ಬಂದ್ ಮಾಡಿ ಟೊಂಗೆ ಸವರುವುದು ಅವರ ವರ್ಷಾವಧಿ ಕೆಲಸವೇ. ಲೈನ್‌ಮನ್ ಬಂದ, ಕರೆಂಟು ತೆಗೆಸಿದ, ಬಿದಿರು ಗಳಕ್ಕೆ ಕಟ್ಟಿದ ಕೋಯ್ತಾದಿಂದ ತಂತಿ ಕಡೆಯ ರೆಂಬೆಗಳನ್ನೆಲ್ಲ ಎಳೆದು ಕೆಡವಿ ಚಹಾ ಕುಡಿದು ಹೋದ. ಇಡೀ ಗಿಡಕ್ಕೇ ಕೈಹಾಕುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಇದನ್ನು ನೆನಪಿಸಲು ಬೆಳಗಾವಿಯ ಪ್ರತಿ ಗಲ್ಲಿಯಲ್ಲೂ ಒಬ್ಬ ಕಾಕಾ ಇದ್ದೇ ಇರುತ್ತಾರೆ.

ಅಂಗಳದ ಕಡೆ ಚಾಚಿದ ಒಂದು ಟೊಂಗೆ ಮಾಸ್ತರರ ಪಾಲಿಗೆ ಉಳಿದಿತ್ತು. ಸ್ಕೂಟರಿನ ಹೆಲ್ಮೆಟ್ ಹಾಕಿ, ಗಾಜು ಇಳಿಸಿ, ಗಳ ಎತ್ತಿದರು. ನೆಲದ ಮೇಲೆ ನಾಲ್ಕು ಕೆಜಿ ಇದ್ದದ್ದು ತುದಿ ಮೇಲೇರಿದ ಕೂಡಲೇ ಬಲಿತ ಹಲಸಿನಕಾಯಿಯಷ್ಟು ಭಾರವಾಯಿತು. ಕೊಯ್ಯುವುದಕ್ಕೂ ಒಂದು ಕ್ರಮವಿದೆ. ಕಾಂಡದ ಸಂದಿಯಿಂದ ಒಂದು ಗೇಣು ಆಚೆ ಮೊದಲು ಕೆಳಗಿನಿಂದ ಚೂರು ಕೊಯ್ಯಬೇಕು. ಅದಕ್ಕೂ ತುಸು ಆಚೆ ಮೇಲಿನಿಂದ ಪೂರ್ತಿ ಕೊಯ್ಯಬೇಕು. ಉಳಿದ ಮೋಟನ್ನು ಆಮೇಲೆ ತೆಗೆಯಬೇಕು. ಮೇಲಿನಿಂದಲೇ ಹೊರಟರೆ ಟೊಂಗೆ ಅರ್ಧಕ್ಕೆ ಮುರಿದು, ತೊಗಟೆಯನ್ನು ಕಾಂಡದವರೆಗೂ ಸುಲಿದುಕೊಂಡು ಬೀಳುತ್ತದೆ. ಗುಲ್‌ಮೊಹರ್ ಮೊದಲೇ ಪೆಡಸು ಕಟ್ಟಿಗೆ. ಟೊಂಗೆ ಕಾಂಡಕ್ಕೆ ಕೂಡುವಲ್ಲಿ ಬಳೆಯಂಥ ಉಬ್ಬೊಂದಿರುತ್ತದೆ, ಅದನ್ನು ಮಾತ್ರ ಮುಟ್ಟಬಾರದು. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಸಾವಿರಾರು ಮರಗಳನ್ನು ಸೀಳಿ ನೋಡಿದ ಅಮೆರಿಕದ ಅಲೆಕ್ಸ್ ಶೈಗೊ ಇದನ್ನು ತೋರಿಸಿದ್ದಲ್ಲದೆ, ಕೊಯ್ದ ಜಾಗಕ್ಕೆ ಬಣ್ಣ ಬಳಿಯುವುದರಿಂದ ಕೊಳೆ ತಪ್ಪುವುದಿಲ್ಲ ಎಂದೂ ಹೇಳಿದ. ಅಷ್ಟರಲ್ಲಿ ಪಕ್ಕದ ಮನೆಯವರು ಗೇಟಿಗೆ ಬಳಿದು ಉಳಿದ ಹಸಿರು ಬಣ್ಣದ ಡಬ್ಬಿ ಹಿಡಿದು ಬಂದು ನಿಂತಿದ್ದರು.

"ಸರ್, ಸ್ವಲ್ಪ ಎಡಕ್ಕ ತಗೋರಿ."

"ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?"

"ಥಾಂಬಾ, ಥಾಂಬಾ!" ಎಂದು ಮಹಡಿಯಿಂದ ಮೂರನೆಯ ದನಿ. ಟೊಂಗೆ ಯಾರ ಮಾತೂ ಕೇಳದೆ ತುಳಸಿಕಟ್ಟೆ ತಪ್ಪಿಸಿ ಬಿತ್ತು. ಆ ಯಶಸ್ಸಿನ ಸುದ್ದಿ ಜಾಂಬೋಟಿ ಕಡೆಯ ಹಳ್ಳಿಯಲ್ಲಿರುವ ಅಕ್ಕನ ಮನೆಗೂ ಮುಟ್ಟಿತು, ಗರಗಸದ ಸಮೇತ ಮಾಸ್ತರರೂ ಅಲ್ಲಿಗೆ ಮುಟ್ಟಿದರು.

ಜಾಂಬೋಟಿ ಇರುವ ಖಾನಾಪುರ ತಾಲೂಕಿನ ಮರಗಳ ಲೆಕ್ಕವೇ ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಆಸುಪಾಸಿನ ಮಳೆ ಕುಡಿದು ಬೆಳೆದ ಹಳೇ ಮಾವು, ಹಲಸುಗಳ ಮೊದಲ ಟೊಂಗೆ ಶುರುವಾಗುವುದೇ ಮಾಸ್ತರರ ಗಳ ಮುಗಿದ ಮೇಲೆ. ಗಳ ಹತ್ತಡಿ, ಮಾಸ್ತರರು ಐದೂವರೆ ಅಡಿ, ಟೊಂಗೆ ಇಪ್ಪತ್ತೈದರಲ್ಲಿ. ಗಿಡ ಏರುವ ಆಳು ಸೊಂಟಕ್ಕೆ ಹಗ್ಗ ಬಿಗಿಯುತ್ತಾ ಕೇಳಿದ: "ಇದನ್ನ ಮ್ಯಾಲ ಒಯ್ಯಲೇನ್ರಿ?" ಗಿಡದ ಮೇಲೆ, ನಿಚ್ಚಣಿಕೆ ಮೇಲೆ ನಿಂತು ಬಳಸಬಾರದು ಎಂದು ಮಾಸ್ತರರು ಕೈಪಿಡಿ ಓದಿ ಹೇಳಿದರು. "ಹಂಗಾರ ಕೆಳಗ ಇರ್ಲಿ ಬಿಡ್ರಿ" ಎಂದು ಅವನು ಕೋಯ್ತಾ ಸಿಕ್ಕಿಸಿಕೊಂಡು ಏರಿದ. ಮೇಲೆ ಹೋಗಿ ಮೊದಲ ಏಟನ್ನು ಟೊಂಗೆಯ ಕೆಳಗಿನಿಂದಲೇ ಹಾಕಿದ. ಶೈಗೊನ ಹೆಸರು ಅವನು ಕೇಳಿರಲಾರ.

ಸಂಜೆ ಅಡ್ಡಮಳೆ. ಊರಾಚೆ ಒಂದು ಟೊಂಗೆ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ರಸ್ತೆಗೆ ಅಡ್ಡ ಬಿದ್ದ ಇನ್ನೊಂದನ್ನು ಕೊಯ್ಯೋಣವೆಂದರೆ ಬ್ಯಾಟರಿ ಖಾಲಿ, ಬ್ಯಾಟರಿ ತುಂಬೋಣವೆಂದರೆ ಕರೆಂಟಿಲ್ಲ. ಮಾಸ್ತರರು ಚಾರ್ಜರ್ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾಗ ಭಾವ ಗರಗಸದ ತಲೆ ಬಿಚ್ಚಿ ಪಕ್ಕಕ್ಕಿಟ್ಟರು. ಗಳವನ್ನು ಕೈಯಲ್ಲಿ ತೂಗಿ ನೋಡಿ, ತುದಿಗೆ ಕೊಕ್ಕೆಯನ್ನೂ ಬಲೆಯ ಚೀಲವನ್ನೂ ಬಿಗಿದು, ಹಿತ್ತಲ ಗಿಡ್ಡ ಮಾವಿನ ಗಿಡದಿಂದ ಉಪ್ಪಿನಕಾಯಿಗೆ ಬೇಕಾದಷ್ಟು ಕಾಯಿ ಇಳಿಸಿದರು.

"ಭಾಳ ಹಗೂರ ಐತಿ ಮಾಸ್ತರ," ಎಂದರು ಮೆಚ್ಚುಗೆಯಿಂದ. "ಬರೇ ಗಳ ಅಷ್ಟ ಮಾರತಾರೇನು?"