ಹುಗ್ಗಿಯಿಂದ ಸ್ವಿಗ್ಗಿಗೆ

ಡಿಸೆಂಬರ್ 16ರ ಆಸುಪಾಸಿನಲ್ಲಿ ಧನುರ್ಮಾಸ ಕಾಲಿಟ್ಟಿತೆಂದರೆ ನಮ್ಮಜ್ಜಿ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ತಣ್ಣೀರು ಸುರಿದುಕೊಂಡು, ಹುಗ್ಗಿಗೆ ಹೆಸರುಬೇಳೆ ಹುರಿಯುತ್ತಿದ್ದಳು. ಆಕಾಶದಲ್ಲಿ ನಕ್ಷತ್ರ ಇರುವಾಗಲೇ ನೈವೇದ್ಯ ಆಗಬೇಕು. ಮೆಣಸು ಜೀರಿಗೆ ತುಪ್ಪದಲ್ಲಿ ಸಿಡಿದ ಘಮ ಹಾಸಿಗೆವರೆಗೂ ಬಂದು ನಮ್ಮನ್ನು ಎಬ್ಬಿಸುತ್ತಿತ್ತು. ಸಂಪ್ರದಾಯ ಮುರಿದುಬಿತ್ತು ಎಂದು ಯಾರೂ ಕೊರಗಬೇಕಿಲ್ಲ. ಈಗಲೂ ನಮ್ಮ ಮನೆಯಲ್ಲಿ ಬ್ರಾಹ್ಮೀ ಮುಹೂರ್ತಕ್ಕೆ ದೀಪ ಹತ್ತುತ್ತದೆ, ಜನವರಿ 1ರಂದು. ಬ್ರಿಗೇಡ್ ರಸ್ತೆಯಿಂದ ಮಗ ವಾಪಸು ಬರುವುದು ಆ ಹೊತ್ತಿಗೇ.

ಅಪ್ಪನ ಕಾಲದ ವರ್ಷಾಂತ್ಯವೆಂದರೆ ಗ್ರೀಟಿಂಗ್ ಕಾರ್ಡು. ಲಕೋಟೆಗೆ ಗೋಂದು ಹಚ್ಚುವಂತಿರಲಿಲ್ಲ, ಹಚ್ಚಿದರೆ ಬುಕ್‌ಪೋಸ್ಟಿನ ಅಗ್ಗದ ದರ ಕೈತಪ್ಪುತ್ತಿತ್ತು. ಹೋದ ವರ್ಷ ಕಾರ್ಡು ಕಳಿಸದವರ ಹೆಸರಿನ ಮೇಲೆ ಕೆಂಪು ಗೀಟು. ಪ್ರೀತಿಗೂ ಜಮಾ-ಖರ್ಚು ಬರೆದಿಟ್ಟ ಪುಣ್ಯಾತ್ಮರು! ಆಮೇಲೆ ಎಸ್ಸೆಮ್ಮೆಸ್ ಬಂತು. ವರ್ಷವಿಡೀ ಪುಕ್ಕಟೆ ಸಂದೇಶ ಹಂಚಿದ ಮೊಬೈಲ್ ಕಂಪನಿಗಳು ಡಿಸೆಂಬರ್ 31 ಮತ್ತು ಜನವರಿ 1ನ್ನು ‘ಬ್ಲ್ಯಾಕ್‌ಔಟ್ ಡೇ’ ಎಂದು ಸಾರಿ ಒಂದೊಂದಕ್ಕೂ ಕಾಸು ಕಿತ್ತವು. ಅಪ್ಪ 30ರ ಸಂಜೆಯೇ ಊರಿಗೆಲ್ಲ ಶುಭ ಕೋರಿ, ಫೋನು ಬೀರುವಿನಲ್ಲಿಟ್ಟರು.

ವಾಟ್ಸಾಪಿಗೆ ಕಾಸಿಲ್ಲ. ಆದ್ದರಿಂದ ಅಪ್ಪನಿಗೀಗ ಸಿದ್ಧಾಂತ ಬಂದಿದೆ. 31ರ ರಾತ್ರಿ ಸರಿಯಾಗಿ ಹನ್ನೆರಡಕ್ಕೆ ಎಲ್ಲ ಗ್ರೂಪುಗಳಿಗೂ ಹೋಗುತ್ತದೆ: ‘ಇದು ನಮ್ಮ ಹೊಸ ವರ್ಷವಲ್ಲ, ನಮ್ಮದು ಯುಗಾದಿ.’ ಹನ್ನೆರಡೂ ಐದಕ್ಕೆ, “ಮೊಟ್ಟೆ ಹಾಕಿಲ್ಲ ತಾನೇ?” ಎಂದು ವಿಚಾರಿಸಿಕೊಂಡು, ಅಯ್ಯಂಗಾರ್ ಬೇಕರಿಯ ಕೇಕು ಎರಡು ತುಂಡು. ಯುಗಾದಿಯ ದಿನ ಬೇವು-ಬೆಲ್ಲ ಕೊಟ್ಟರೆ ಬೇವನ್ನು ಬೆರಳಲ್ಲಿ ಸರಿಸಿ ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಳ್ಳುವವರೂ ಇವರೇ.

ಮನೆಗೆ ಮೊದಲ ಸಲ ಕೇಕು ಬಂದಾಗ ಅಜ್ಜಿ ಇನ್ನೂ ಇದ್ದಳು. ಪಂಚಾಂಗಕ್ಕೆ ದಿನ ಹುಟ್ಟುವುದು ಸೂರ್ಯನ ಜೊತೆಗೆ. ಗಡಿಯಾರ ನೋಡಿ ಚಪ್ಪಾಳೆ ತಟ್ಟುತ್ತಿದ್ದ ನಮಗೆ, “ಇನ್ನೂ ನಿನ್ನೇನೇ ಕಣ್ರೋ ಇದು, ಮಲಕ್ಕೊಳ್ಳಿ” ಎಂದಳು. ಬೆಳಿಗ್ಗೆ ಹುಗ್ಗಿ ನೈವೇದ್ಯ ಮುಗಿಸಿ, ಬಿಸಿಲು ಅಂಗಳಕ್ಕೆ ಬಂದ ಮೇಲೆ ತನ್ನ ಪಾಲಿನ ಕೇಕನ್ನು ಕೇಳಿ ತಿಂದಳು. ನಮ್ಮ ಮನೆಯಲ್ಲಿ ಹೊಸ ವರ್ಷವನ್ನು ಗೊಂದಲವಿಲ್ಲದೆ ಆಚರಿಸಿದವಳು ಅವಳೊಬ್ಬಳೇ.

ಹೋದ ವರ್ಷ ಸಕಲೇಶಪುರದ ಕಡೆ ಒಂದು ಹೋಂಸ್ಟೇ. ಸೌದೆ ಒಲೆ, ಒರಳು, ಸಗಣಿ ಸಾರಿಸಿದ ಅಂಗಳ, ತಲೆಗೆ ಐದು ಸಾವಿರ. ಒರಳಿನ ಮುಂದೆ ಸೆಲ್ಫಿಗೆ ಸರದಿ ನಿಂತೆವು. ಊರಮನೆ ಮಾರಿದಾಗ ಅಂಥದ್ದೇ ಒರಳನ್ನು ಹಿತ್ತಿಲಿಗೆ ಉರುಳಿಸಿ, ಕೈ ಕೊಡವಿ ಬಂದವರು ನಾವೇ. ರಾತ್ರಿ ಬಫೆಯಲ್ಲಿ ‘ಅಜ್ಜಿ ಕೈರುಚಿ’ ಎಂಬ ಚೀಟಿ ಅಂಟಿಸಿದ ಹುಗ್ಗಿಯೂ ಇತ್ತು. ತಣ್ಣಗಿತ್ತು.

ಈ ಸಲ ಎಲ್ಲಿಗೂ ಇಲ್ಲ. ನಾಲ್ಕಕ್ಕೆ ಬರುವ ಮಗ ಹಸಿದು ಬರುತ್ತಾನೆಂದು ಅರ್ಧ ಕೆಜಿ ಹೆಸರುಬೇಳೆ ತಂದಿಟ್ಟಿದ್ದೇನೆ. ಆ ಹೊತ್ತಿಗೆ ಎದ್ದು ಅದನ್ನು ಹುರಿಯಲು ಮನೆಯಲ್ಲಿ ಇದುವರೆಗೆ ಯಾರೂ ಒಪ್ಪಿಲ್ಲ, ನಾನೂ ಸೇರಿ.