ಮುರಿದ ಕಾಲಿನದೊಂದು ಲೈಟ್ ಡ್ಯೂಟಿ ಅರ್ಜಿ

ಇವರಿಂದ: ತಮ್ಮ ಡೆಲಿವರಿ ಪಾಲುದಾರ (ಸದ್ಯ ಆಫ್‌ಲೈನ್), ಬೊಮ್ಮನಹಳ್ಳಿ, ಬೆಂಗಳೂರು.

ಇವರಿಗೆ: ಆ್ಯಪ್‌ನ ಒಳಗೆ ಎಲ್ಲೋ ಇರುವ ಮಹನೀಯರು. ವಿಳಾಸ: ಹೆಲ್ಪ್ ಬಟನ್ ಒತ್ತಿದರೂ ಸಿಕ್ಕಿಲ್ಲ.

ವಿಷಯ: ಕೆಲಸದ ವೇಳೆ ಕಾಲು ಮುರಿದಿರುವುದರಿಂದ ಲಘು ಕೆಲಸ ಹಾಗೂ ಅದಕ್ಕೆ ಸಂಬಳ ಕೋರಿ.

ಉಲ್ಲೇಖ: 1) ನನ್ನ ಬಲಗಾಲಿನ ಎಕ್ಸ್‌ರೇ. 2) ‘ಇವತ್ತಿನ ಇನ್ಸೆಂಟಿವ್ ಕೈತಪ್ಪುತ್ತಿದೆ, ಬೇಗ ಲಾಗಿನ್ ಆಗಿ’ ಎಂಬ ತಮ್ಮ ಸಂದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಹೊಸೂರು ರಸ್ತೆಯ ಸರ್ವಿಸ್ ರೋಡಿನಲ್ಲಿ, ಮಳೆನೀರು ತುಂಬಿಕೊಂಡು ರಸ್ತೆಯಂತೆಯೇ ಕಾಣುತ್ತಿದ್ದ ಒಂದು ಗುಂಡಿಗೆ ಗಾಡಿಯ ಮುಂದಿನ ಚಕ್ರ ಇಳಿದು, ನಾನೊಂದು ಕಡೆ, ಬ್ಯಾಗೊಂದು ಕಡೆ, ಗಾಡಿ ನನ್ನ ಕಾಲಿನ ಮೇಲೆ, ಹೀಗೆ ಮೂವರೂ ಬಿದ್ದೆವು. ಮೂವರಲ್ಲಿ ತಾವು ಮೊದಲು ವಿಚಾರಿಸಿದ್ದು ಬ್ಯಾಗನ್ನು.

ಇದನ್ನು ದೂರಾಗಿ ಹೇಳುತ್ತಿಲ್ಲ, ಮೆಚ್ಚಿ ಹೇಳುತ್ತಿದ್ದೇನೆ. ಬಿದ್ದಲ್ಲಿಂದಲೇ ಹೆಲ್ಪ್ ಒತ್ತಿದಾಗ ತಾವು ಕೊಟ್ಟ ಆಯ್ಕೆಗಳು ಒಂದಕ್ಕಿಂತ ಒಂದು ಸೊಗಸಾಗಿದ್ದವು: ಗ್ರಾಹಕರು ಫೋನ್ ಎತ್ತುತ್ತಿಲ್ಲ, ಹೋಟೆಲಿನಲ್ಲಿ ತಡವಾಗಿದೆ, ವಿಳಾಸ ಸಿಗುತ್ತಿಲ್ಲ, ವಾಹನದ ತೊಂದರೆ. ಕಾಲು ಮುರಿದಿದೆ ಎಂಬುದು ಪಟ್ಟಿಯಲ್ಲಿ ಇರಲಿಲ್ಲವಾಗಿ, ಹತ್ತಿರದ್ದೆಂದು ‘ವಾಹನದ ತೊಂದರೆ’ ಒತ್ತಿದೆ. ಆಂಬುಲೆನ್ಸ್ ಬರುವ ಮೊದಲೇ ಇನ್ನೊಬ್ಬ ಹುಡುಗ ಬಂದ. ಪಾಪ, ನನ್ನನ್ನು ನೋಡಿ ಅವನ ಮುಖ ಸಣ್ಣಗಾಯಿತು. ಆದರೂ ಬಿರಿಯಾನಿ ತೆಗೆದುಕೊಂಡು ಹೊರಟ. ಅವನ ಫೋನಿನಲ್ಲೂ ಗಡಿಯಾರ ಓಡುತ್ತಿತ್ತಲ್ಲ. ಬಿರಿಯಾನಿಗೆ ಬದಲಿ ವ್ಯವಸ್ಥೆ ಮಾಡಲು ತಮಗೆ ಹಿಡಿದದ್ದು ಕೆಲವೇ ನಿಮಿಷ. ಅದೇ ಚುರುಕಿನಲ್ಲಿ ನನಗೂ ಒಂದು ಬದಲಿ ವ್ಯವಸ್ಥೆ ಆಗಲಿ ಎಂಬುದೇ ಈ ಅರ್ಜಿಯ ಸಾರ.

ಡಾಕ್ಟರು ರಾಡ್ ಹಾಕಿದ್ದಾರೆ. ಮೂರು ತಿಂಗಳು ಕಾಲಿನ ಮೇಲೆ ಭಾರ ಬಿಡಬಾರದು, ಆಮೇಲೆ ಸ್ವಲ್ಪ ದಿನ ಕೂತು ಮಾಡುವ ಕೆಲಸ ನೋಡಿಕೋ ಎಂದಿದ್ದಾರೆ. ನೆರೆಮನೆಯ ಅಜ್ಜಿ ಆಸ್ಪತ್ರೆಯನ್ನು ನಂಬದೆ ಪುತ್ತೂರು ಕಟ್ಟು ಕಟ್ಟಿಸು ಎನ್ನುತ್ತಾರೆ. ಡಾಕ್ಟರೂ ಅಜ್ಜಿಯೂ ಒಪ್ಪುವ ಒಂದೇ ಮಾತು, ಸದ್ಯಕ್ಕೆ ಗಾಡಿ ಮುಟ್ಟಬಾರದು ಎಂಬುದು. ಆ ಮೂರು ತಿಂಗಳು ಊಟ ಮಾಡಬೇಕೋ ಬೇಡವೋ ಎಂಬುದನ್ನು ಇಬ್ಬರೂ ಹೇಳಲಿಲ್ಲ. ಅದು ತಮ್ಮ ಇಲಾಖೆ ಇರಬೇಕೆಂದು ಭಾವಿಸಿ ಬರೆಯುತ್ತಿದ್ದೇನೆ.

ಲೈಟ್ ಡ್ಯೂಟಿ ಎಂಬ ಆಸೆ ನನ್ನ ತಲೆಗೆ ತುಂಬಿದವರು ಪಕ್ಕದ ಬೆಡ್ಡಿನ ಡ್ರೈವರಣ್ಣ. ಅವರು ಸರ್ಕಾರಿ ಬಸ್ಸಿನವರು. ‘ಕಾಲು ಸರಿಹೋಗಲಿಲ್ಲ ಅಂದ್ರೂ ನನ್ನ ಮನೆಗೆ ಕಳಿಸೋ ಹಂಗಿಲ್ಲ ಕಣಯ್ಯ, ಡಿಪೋದಲ್ಲಿ ಕೂರಿಸಿಯಾದ್ರೂ ಸಂಬಳ ಕೊಡಬೇಕು’ ಎಂದು ಮೂಸಂಬಿ ಸುಲಿಯುತ್ತಾ ಹೇಳಿದರು. ನಾನು ನಗೆಚಾಟಿಕೆ ಎಂದುಕೊಂಡೆ. ವಿಚಾರಿಸಿದರೆ ನಿಜ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಕೆಲಸಕ್ಕೆ ಹಾಕಬೇಕು; ಅಂಥದ್ದು ಖಾಲಿ ಇಲ್ಲದಿದ್ದರೆ ಅವನಿಗಾಗಿಯೇ ಒಂದು ಹೆಚ್ಚುವರಿ ಹುದ್ದೆ ಇಟ್ಟುಕೊಳ್ಳಬೇಕು. ಬಣ್ಣ ಗುರುತಿಸಲಾಗದ ದೋಷವಿದೆಯೆಂದು ತೆಲಂಗಾಣದ ಸಾರಿಗೆ ನಿಗಮ ಒಬ್ಬ ಬಸ್ ಚಾಲಕರನ್ನು ನಿವೃತ್ತಿ ಮಾಡಿಸಿದಾಗ, ಅವರಿಗೆ ಬೇರೆ ಕೆಲಸ ಕೊಡಿ ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನಾನೂ ನಮ್ಮ ಡ್ರೈವರಣ್ಣನ ರಸ್ತೆಯಲ್ಲೇ, ಅದೇ ಸಿಗ್ನಲ್ಲಿನಲ್ಲಿ, ಅವರ ಬಸ್ಸಿನ ಹೊಗೆಯನ್ನೇ ಕುಡಿದು ಗಾಡಿ ಓಡಿಸಿದವನು. ವ್ಯತ್ಯಾಸ ಇಷ್ಟೇ: ಅವರ ಬಸ್ಸಿಗೆ ಡಿಪೋ ಇದೆ, ನನ್ನ ಗಾಡಿಗೆ ಆ್ಯಪ್ ಇದೆ.

ಪೀಣ್ಯದ ಕಾರ್ಖಾನೆಯಲ್ಲಿರುವ ನಮ್ಮ ಭಾವನ ಕಥೆ ಇನ್ನೂ ಹೊಟ್ಟೆ ಉರಿಸುವಂಥದ್ದು. ಅವರ ಸಂಬಳ 21,000 ರೂಪಾಯಿಯ ಮಿತಿಯೊಳಗಿರುವುದರಿಂದ ಇಎಸ್‌ಐ ಇದೆ. ಪ್ರತಿ ತಿಂಗಳು ಅವರ ಪಾಲು ಸಂಬಳದ ಶೇ 0.75, ಮಾಲೀಕರ ಪಾಲು ಶೇ 3.25. ಹೋದ ವರ್ಷ ಮೆಷಿನ್ನಿಗೆ ಕೈ ಸಿಕ್ಕಿಹಾಕಿಕೊಂಡು ಮನೆಯಲ್ಲಿ ಕೂತಾಗ ದಿನಗೂಲಿಯ ಶೇ 90ರಷ್ಟು ಬಂತು, ಕೈ ವಾಸಿಯಾಗುವವರೆಗೂ ಬಂತು. ಅಕ್ಕ ಫೋನಿನಲ್ಲಿ ‘ನಿಂಗೂ ಏನಾದ್ರೂ ಕೊಡ್ತಾರೇನೋ?’ ಎಂದು ಕೇಳಿದಳು. ಕೊಡುತ್ತಾರೆ ಅಕ್ಕಾ, ದಿನಾ ಬೆಳಿಗ್ಗೆ ಒಂದು ನೋಟಿಫಿಕೇಶನ್ ಕೊಡುತ್ತಾರೆ ಎಂದೆ.

ಇನ್ನು, ಬ್ರಿಟಿಷರು. ಜಲಿಯನ್‌ವಾಲಾ ಬಾಗ್ ನಡೆದು ನಾಲ್ಕು ವರ್ಷ ಕಳೆದಿತ್ತಷ್ಟೆ, ದಯೆಗೆ ಹೆಸರಾದವರೇನಲ್ಲ. ಅವರೂ 1923ರಲ್ಲಿ ಕೂಲಿಕಾರರ ಪರಿಹಾರಕ್ಕೊಂದು ಕಾಯ್ದೆ ಮಾಡಿದರು. ತಿದ್ದುಪಡಿಯಾಗುತ್ತಾ ಬಂದ ಆ ಕಾಯ್ದೆಯ ಪ್ರಕಾರ, ಪೆಟ್ಟು ಬಿದ್ದು ತಾತ್ಕಾಲಿಕವಾಗಿ ದುಡಿಯಲಾಗದವನಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲುಭಾಗ, ಅಂದರೆ ತಿಂಗಳಿಗೆ ಅರ್ಧ ಸಂಬಳ, ಐದು ವರ್ಷದವರೆಗೂ ಸಿಗಬಹುದು. ಅದರ ಅನುಬಂಧದಲ್ಲಿ ಅಂಗಾಂಗಗಳ ಪಟ್ಟಿಯೇ ಇದೆ: ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ 14, ನಡುಬೆರಳಿಗೆ ಶೇ 12, ಕಿರುಬೆರಳಿಗೆ ಶೇ 7. ಓದುವಾಗ ಮಟನ್ ಅಂಗಡಿಯ ಬೋರ್ಡಿನ ಹಾಗಿದೆ, ನಿಜ. ಆದರೆ ಆ ಬೋರ್ಡಿನಲ್ಲಿ ಕಿರುಬೆರಳಿಗೂ ಒಂದು ಬೆಲೆ ಬರೆದಿದೆ. ತಮ್ಮ ಆ್ಯಪಿನಲ್ಲಿ ಒಂದು ಪೂರ್ತಿ ಕಾಲಿಗೆ ಕಾಲಂ ಇಲ್ಲ.

ಆ ಕಾಯ್ದೆಯೂ ಇಎಸ್‌ಐ ಕಾಯ್ದೆಯೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು. ನಮ್ಮಂಥವರ ಹೆಸರೂ ಅದರಲ್ಲಿದೆ ಎಂದು ಕೇಳಿ ಖುಷಿಯಿಂದ ಹುಡುಕಿದೆ. ಇದೆ. ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿಯುವವನು ಎಂದು ನನ್ನನ್ನು ವರ್ಣಿಸಿದ್ದಾರೆ. ತಾವು ವರ್ಷದ ವಹಿವಾಟಿನ ಶೇ 1ರಿಂದ 2ರಷ್ಟನ್ನು, ನಮಗೆ ಪಾವತಿಸುವ ಹಣದ ಶೇ 5 ಮೀರದಂತೆ, ಒಂದು ನಿಧಿಗೆ ಹಾಕಬೇಕು. ಆ ನಿಧಿಯಿಂದ ಯೋಜನೆಗಳಾಗಬೇಕು. ಬೆರಳಿನ ಪಟ್ಟಿ, ಹದಿನೈದು ದಿನದ ಪಾವತಿ ಇವೆಲ್ಲ ಸಂಬಂಧದ ಒಳಗಿರುವವರಿಗೆ. ನನ್ನ ಮನವಿ ಇಷ್ಟೇ: ಸಂಬಂಧ ಸಾಂಪ್ರದಾಯಿಕವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ನಾನು ಬಿದ್ದದ್ದು, ಮೂಳೆ ಮುರಿದದ್ದು, ಬಾಯಿಬಿಟ್ಟು ಅತ್ತದ್ದು, ಎಲ್ಲವೂ ಅಪ್ಪಟ ಸಾಂಪ್ರದಾಯಿಕ ರೀತಿಯಲ್ಲೇ ನಡೆದಿವೆ.

ನಮ್ಮ ರಾಜ್ಯ ಸರ್ಕಾರವನ್ನು ಮರೆತರೆ ತಪ್ಪಾದೀತು. 2023ರಲ್ಲಿ ಘೋಷಿಸಿದ ಗಿಗ್ ಕಾರ್ಮಿಕರ ವಿಮೆಯಲ್ಲಿ ಜೀವವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷ, ಕಂತು ಸರ್ಕಾರದ್ದೇ. ಅಪಘಾತದಲ್ಲಿ ಸತ್ತರೆ ಒಟ್ಟು 4 ಲಕ್ಷ. ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾನೂನೇ ಬಂತು: ಕಲ್ಯಾಣ ಮಂಡಳಿ, ನಮಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ ಕಾರಣ ಹೇಳಿ 14 ದಿನದ ನೋಟಿಸು. ಇವೆಲ್ಲ ಸಣ್ಣ ಮಾತಲ್ಲ, ಕೈಮುಗಿಯುತ್ತೇನೆ. ಆದರೂ ಆಸ್ಪತ್ರೆಯ ಬಿಲ್ಲನ್ನೂ ಸಾವಿನ ಮೊತ್ತವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಡುವೆ ಒಂದು ಜಾಗ ಖಾಲಿ ಕಾಣುತ್ತದೆ. ಸತ್ತವನಿಗೆ ಲೆಕ್ಕವಿದೆ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಲೆಕ್ಕವಿದೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದು, ಸಾಯದೆ, ವಾಸಿಯೂ ಆಗದೆ, ಬಾಡಿಗೆ ಕಟ್ಟಬೇಕಾದವನು ಮಾತ್ರ ಯಾವ ಲೆಕ್ಕದಲ್ಲೂ ಕೂರುತ್ತಿಲ್ಲ. ನನ್ನದು ಆ ಜಾಗ.

ತಮ್ಮ ಕಡೆಯಿಂದ ಬರಬಹುದಾದ ಉತ್ತರವೂ ನನಗೆ ಗೊತ್ತು. ಸೇರುವ ದಿನವೇ ಹೇಳಿದ್ದಿರಿ, ‘ಇಲ್ಲಿ ನಿಮಗೆ ನೀವೇ ಬಾಸ್’ ಎಂದು. ಆ ಮಾತನ್ನು ಗೌರವಿಸಿ ಈ ಅರ್ಜಿಯನ್ನು ಮೊದಲು ನನಗೇ ಸಲ್ಲಿಸಿಕೊಂಡೆ. ಬಾಸ್ ಒಳ್ಳೆಯ ಮನುಷ್ಯ. ಎಕ್ಸ್‌ರೇ ನೋಡಿದ ತಕ್ಷಣ ಕಣ್ಣೀರು ಹಾಕಿಕೊಂಡು, ಪೂರ್ತಿ ಸಂಬಳದ ರಜೆ, ಆಮೇಲೆ ಲಘು ಕೆಲಸ, ಎರಡನ್ನೂ ಮಂಜೂರು ಮಾಡಿದ. ಜೇಬಿಗೆ ಕೈಹಾಕಿದಾಗ ಗೊತ್ತಾಯಿತು, ಬಾಸ್ ಹತ್ತಿರ ದುಡ್ಡಿಲ್ಲ. ಅವನ ಗಾಡಿಯ ಇಎಂಐ ಕೂಡ ಬಾಕಿ. ಎಲ್ಲಿ ತಿರುಗಬೇಕು, ಎಷ್ಟು ಹೊತ್ತಿಗೆ ತಲುಪಬೇಕು, ಯಾವ ಆರ್ಡರ್ ಬಿಟ್ಟರೆ ಯಾವ ಇನ್ಸೆಂಟಿವ್ ಹೋಗುತ್ತದೆ ಎಂದು ಇಷ್ಟು ದಿನ ಈ ಬಾಸ್‌ಗೆ ಹೇಳುತ್ತಿದ್ದವರು ತಾವು. ಆದ್ದರಿಂದ ಕಡತವನ್ನು ಮೇಲಧಿಕಾರಿಗಳಿಗೆ ರವಾನಿಸುತ್ತಿದ್ದೇನೆ.

ಕೊಡಬಹುದಾದ ಕೆಲಸ ಎಲ್ಲಿದೆ ಎಂದು ತಾವು ಚಿಂತಿಸಬೇಕಿಲ್ಲ. ಮಲಗಿದಲ್ಲೇ ಯೋಚಿಸಿದ್ದೇನೆ.

ಒಂದು, ಗ್ರಾಹಕರ ಫೋನಿನ ನಕ್ಷೆಯಲ್ಲಿ ತೆವಳುವ ಪುಟ್ಟ ಸ್ಕೂಟರ್ ಇದೆಯಲ್ಲ, ಆ ಹುದ್ದೆ. ಅದು ಮೇಲ್ಸೇತುವೆಗಳ ಮೇಲಿಂದ ಹಾರುತ್ತದೆ, ಮನೆಗಳ ಒಳಗೇ ನುಗ್ಗುತ್ತದೆ, ಒಮ್ಮೆಯೂ ಬಿದ್ದಿಲ್ಲ. ಅಂಥ ರಸ್ತೆಯಲ್ಲಿ ಓಡಾಡಲು ಒಂದು ಕಾಲು ಸಾಕು.

ಎರಡು, ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಹೇಳುವ ಕೆಲಸ. ಈಗ ಅದನ್ನು ಯಂತ್ರ ಹೇಳುತ್ತದೆ, ಯಾರೂ ನಂಬುವುದಿಲ್ಲ. ನಾನು ಹೇಳಿದರೆ ದನಿಯಲ್ಲಿ ನೋವು ತಾನಾಗಿ ಬರುತ್ತದೆ, ತರಬೇತಿಯ ಖರ್ಚಿಲ್ಲ.

ಮೂರು, ಜಾಹೀರಾತಿನಲ್ಲಿ ನಗುವ ಕೆಲಸ. ಮಳೆಯಲ್ಲಿ ನೆನೆಯುತ್ತಾ ಪೊಟ್ಟಣ ಕೊಟ್ಟು ನಗುವ ಹುಡುಗನನ್ನು ತಾವು ‘ಹೀರೋ’ ಎಂದು ತೋರಿಸುತ್ತೀರಿ. ಸೊಂಟದ ಮೇಲಿನಷ್ಟೇ ಚಿತ್ರೀಕರಿಸುವುದಾದರೆ ನಾನು ಸಿದ್ಧ.

ಇವು ಮೂರೂ ಭರ್ತಿಯಾಗಿದ್ದರೆ, ತಮ್ಮ ಗಂಭೀರ ಪರಿಶೀಲನೆಗೆ ಇನ್ನೂ ಕೆಲವು. ಆರ್ಡರ್ ಪೊಟ್ಟಣ ಕಟ್ಟುವ ಡಾರ್ಕ್ ಸ್ಟೋರಿನಲ್ಲಿ ಸ್ಟೂಲ್ ಮೇಲೆ ಕೂತು ಬಿಲ್ಲಿಗೂ ಬ್ಯಾಗಿಗೂ ತಾಳೆ ನೋಡಬಲ್ಲೆ. ರಾತ್ರಿ ಹೊತ್ತು ವಿಳಾಸ ಸಿಗದೆ ಒದ್ದಾಡುವ ಹೊಸ ಹುಡುಗರಿಗೆ ಫೋನಿನಲ್ಲಿ ದಾರಿ ಹೇಳಬಲ್ಲೆ. ಕನ್ನಡದಲ್ಲಿ ದೂರು ಹೇಳಿಕೊಳ್ಳುವ ಗ್ರಾಹಕರಿಗೆ ಕನ್ನಡದಲ್ಲೇ ಉತ್ತರಿಸಬಲ್ಲೆ. ಎಲ್ಲಕ್ಕಿಂತ ಮುಖ್ಯ, ಸಮಯ ಲೆಕ್ಕ ಹಾಕುವ ತಮ್ಮ ಯಂತ್ರದ ಪಕ್ಕ ಕೂತು ಅದಕ್ಕೆ ಗೊತ್ತಿಲ್ಲದ್ದನ್ನು ಹೇಳಿಕೊಡಬಲ್ಲೆ: ಯಾವ ಅಂಡರ್‌ಪಾಸ್ ಅರ್ಧಗಂಟೆ ಮಳೆಗೇ ಕೆರೆಯಾಗುತ್ತದೆ, ಯಾವ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ರಿಜಿಸ್ಟರ್ ಬರೆದು ಸರ್ವಿಸ್ ಲಿಫ್ಟಿಗೆ ಕಾಯಬೇಕು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ದೇವರಿಗೂ ಎಷ್ಟು ಹೊತ್ತು ಬೇಕು. ‘ಹತ್ತು ನಿಮಿಷದಲ್ಲಿ ಡೆಲಿವರಿ’ ಎಂಬ ಜಾಹೀರಾತುಗಳನ್ನು ಕೈಬಿಡಿ ಎಂದು ಕೇಂದ್ರ ಕಾರ್ಮಿಕ ಸಚಿವರು 2026ರ ಜನವರಿಯಲ್ಲಿ ಕಂಪನಿಗಳಿಗೆ ಹೇಳಬೇಕಾಯಿತಲ್ಲ, ಅಂಥ ಮಾತನ್ನು ನನ್ನಂಥವನೊಬ್ಬ ಅರ್ಧ ಸಂಬಳಕ್ಕೆ ಮೊದಲೇ ಹೇಳುತ್ತಿದ್ದ.

ಸಂಬಳದ ವಿಷಯದಲ್ಲಿ ನಾನು ಹಟಮಾರಿಯಲ್ಲ. ನಾನು ದಿನಕ್ಕೆ ಎಷ್ಟು ದುಡಿದೆ ಎಂಬುದು ಪೈಸೆ ಲೆಕ್ಕದಲ್ಲಿ ತಮ್ಮ ಬಳಿಯೇ ಇದೆ. ಹಿಂದಿನ ಆರು ತಿಂಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ಮಲಗಿರುವಷ್ಟು ದಿನ ನಮ್ಮ ಭಾವನಿಗೆ ಬಂದ ಇಎಸ್‌ಐ ರೇಟು ಕೊಡಿ. ಅದು ಹೆಚ್ಚಾಯಿತು ಎನಿಸಿದರೆ 1923ರ ಕಾಯ್ದೆಯ ರೇಟಾದರೂ ಕೊಡಿ. ಬ್ರಿಟಿಷರಿಗಿಂತ ಜಿಪುಣರು ಎಂಬ ಮಾತು ತಮಗೆ ಬರುವುದು ನನಗಿಷ್ಟವಿಲ್ಲ. ಲಘು ಕೆಲಸ ಶುರುವಾದ ಮೇಲೆ ಅದರ ಕೂಲಿಗೂ ಹಳೆಯ ದುಡಿಮೆಗೂ ಇರುವ ಅಂತರದಲ್ಲಿ ಒಂದು ಪಾಲು ತುಂಬಿಕೊಡಿ. ನಾನು ವಾಸಿಯಾಗಿ ಬರುವವರೆಗೆ ಐಡಿ ಬ್ಲಾಕ್ ಮಾಡಬೇಡಿ, ರೇಟಿಂಗ್ ಇಳಿಸಬೇಡಿ. ಪ್ಲಾಸ್ಟರ್ ಹಾಕಿಕೊಂಡು ಆರ್ಡರ್ ನಿರಾಕರಿಸುವುದು ಸೋಮಾರಿತನವಲ್ಲ ಎಂದು ಆ ಯಂತ್ರಕ್ಕೆ ಯಾರಾದರೂ ತಿಳಿಸಿ.

ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂಬ ಭಯ ತಮಗಿರಬಹುದು. ಸರಿಯಾದ ಭಯ. 2020-21ರಲ್ಲಿ ದೇಶದಲ್ಲಿ ನಮ್ಮಂಥ ಗಿಗ್ ಕಾರ್ಮಿಕರು 77 ಲಕ್ಷ, 2029-30ರ ಹೊತ್ತಿಗೆ 2.35 ಕೋಟಿ ಆಗುತ್ತಾರೆ ಎಂದು ನೀತಿ ಆಯೋಗವೇ ಅಂದಾಜು ಮಾಡಿದೆ. ಅಂದರೆ 4.70 ಕೋಟಿ ಕಾಲುಗಳು. ಎಲ್ಲವೂ ಒಟ್ಟಿಗೆ ಮುರಿಯುವುದಿಲ್ಲ. ವಿಮೆ, ನಿಧಿ ಎಂಬುವು ನಡೆಯುವುದೇ ಆ ಲೆಕ್ಕದ ಮೇಲೆ. ಮುರಿಯದ ಕಾಲುಗಳ ದುಡಿಮೆಯಿಂದ ಒಂದೊಂದು ಆರ್ಡರಿಗೆ ಒಂದಿಷ್ಟು ಕಾಸು ತೆಗೆದಿಟ್ಟರೆ ಮುರಿದವನ ಮನೆಯ ಒಲೆ ಉರಿಯುತ್ತದೆ. ಶುಲ್ಕ ಕಟ್ಟಿಸಿಕೊಳ್ಳುವ ಕಾನೂನು ಬಂದಿದೆ. ಇನ್ನು ಮಂಡಳಿಯ ಮೊದಲ ಯೋಜನೆಗಳಲ್ಲಿ ‘ದುಡಿಯಲಾಗದ ದಿನಗಳ ಕೂಲಿ’ ಎಂಬ ಒಂದು ಸಾಲು ಸೇರಬೇಕಷ್ಟೆ. ಅದನ್ನು ತಾವು ವಿರೋಧಿಸದಿದ್ದರೆ, ಅದೇ ತಾವು ಮಾಡಬಹುದಾದ ಅತ್ಯಂತ ಲಘು ಕೆಲಸ.

ಈ ಪತ್ರಕ್ಕೆ ಮನುಷ್ಯರೊಬ್ಬರು ಸಹಿ ಹಾಕಿ ಉತ್ತರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಆಫ್‌ಲೈನ್ ಪಾಲುದಾರ

ಅಡಕ: ಡಿಸ್ಚಾರ್ಜ್ ಸಮ್ಮರಿ, ಔಷಧಿ ಬಿಲ್ಲುಗಳು, ತಮ್ಮ ಕಂಪನಿಯ ಟಿ-ಶರ್ಟ್ (ಬಲ ಮೊಣಕೈ ಹರಿದಿದೆ; ಅದರ ದುಡ್ಡು ನನ್ನಿಂದ ಆಗಲೇ ಮುರಿದುಕೊಂಡಿದ್ದೀರಿ).

ಪ್ರತಿಗಳು:
1. ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿ: ಮಾಹಿತಿಗಾಗಿ, ಸಾಧ್ಯವಾದರೆ ಕ್ರಮಕ್ಕಾಗಿ.
2. ಮನೆ ಮಾಲೀಕರು: ತಾಳ್ಮೆಗಾಗಿ.
3. ಗಾಡಿಗೆ ಸಾಲ ಕೊಟ್ಟ ಫೈನಾನ್ಸ್‌ನವರು: ಈ ತಿಂಗಳಿಂದ ನಾನೂ ತಾವೂ ಸಾಂಪ್ರದಾಯಿಕ ಸಾಲ-ಕಂತು ಸಂಬಂಧದ ಹೊರಗಿದ್ದೇವೆ ಎಂದು ತಿಳಿಸಲು.