ಗಾದೆಗಳ ಜನ್ಮಸ್ಥಳ ನಿರ್ಣಯ ಮತ್ತು ವಾತಾಪಿಯ ಊಟ

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂಬುದು ಗಾದೆ ತನಗೆ ತಾನೇ ಬರೆದುಕೊಂಡ ಪ್ರಮಾಣಪತ್ರ. ವೇದವನ್ನು ಯಾರೂ ಕೇಳಿಲ್ಲ. ಅದಿರಲಿ. ಕಿಟೆಲ್ ಸಾಹೇಬರು 1894ರ ತಮ್ಮ ನಿಘಂಟಿನಲ್ಲಿ ಹೇರಳವಾಗಿ ಗಾದೆ ತುಂಬಿದರು, ಆದರೆ ಯಾವ ಗಾದೆ ಯಾರ ಪಡಸಾಲೆಯಲ್ಲಿ ಹುಟ್ಟಿತೆಂದು ನಮೂದಿಸಲಿಲ್ಲ. ಆ ಲೋಪ ತಿದ್ದುವ ಹೊಣೆ, ಯಾರೂ ಹೊರಿಸದಿದ್ದರೂ, ಪ್ರಸ್ತುತ ಸಂಶೋಧಕನ ಹೆಗಲೇರಿದೆ. ತೀರ್ಮಾನ ಮೊದಲು, ಸಾಕ್ಷ್ಯ ಆಮೇಲೆ ಎಂಬುದು ನಮ್ಮಲ್ಲಿ ರೂಢಿಯಾದ ಕ್ರಮ. ತೀರ್ಮಾನ ಇದು: ಕನ್ನಡದ ಗಾದೆಗಳೂ, ಅವುಗಳ ಹೆಸರು ಹೊತ್ತ ಕೃತಿಗಳೂ ಬಾಗಲಕೋಟೆ ಜಿಲ್ಲೆಯ ಸೊತ್ತು.

ಮೊದಲ ಸಾಕ್ಷ್ಯ ಬಾದಾಮಿ, ಅಂದರೆ ವಾತಾಪಿ. ಇಲ್ವಲನು ತಮ್ಮ ವಾತಾಪಿಯನ್ನು ಟಗರು ಮಾಡಿ, ಕೊಯ್ದು, ಬೇಯಿಸಿ, ಅತಿಥಿಗೆ ಬಡಿಸುತ್ತಿದ್ದ. ಕೈ ತೊಳೆಯುವಷ್ಟರಲ್ಲಿ "ವಾತಾಪಿ, ಬಾ" ಎಂದರೆ ತಮ್ಮ ಹೊಟ್ಟೆ ಸೀಳಿಕೊಂಡು ಹಾಜರು. ಲೋಪಾಮುದ್ರೆ ಕೇಳಿದ ಐಶ್ವರ್ಯ ಹುಡುಕುತ್ತ ಅಗಸ್ತ್ಯರು ಬಂದಾಗ ಇಲ್ವಲ ಎಲೆಯ ಮುಂದೆ ನಿಂತು ಏನೆಂದಿರಬೇಕು? "ಮಾಡಿದ್ದುಣ್ಣೋ ಮಹಾರಾಯ." ಬೇರೇನು ಹೇಳಲು ಸಾಧ್ಯ? ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ಇದನ್ನೇ ತಮ್ಮ ಕಾದಂಬರಿಗೆ ಹೆಸರಾಗಿ ಇಟ್ಟರು. ಅವರು ಮೈಸೂರಿನವರು, ಕತೆಯೂ ಆ ಕಡೆಯದು ಎಂಬ ಆಕ್ಷೇಪವಿದೆ. ಇಂಥ ಸಣ್ಣ ವಿವರಗಳಿಗೆ ಸಂಶೋಧನೆ ಜಗ್ಗಬಾರದು.

ಅಗಸ್ತ್ಯರು ಹೊಟ್ಟೆ ಸವರಿಕೊಂಡು ಜೀರ್ಣೋಭವ ಎಂದದ್ದು ಜಗತ್ತಿಗೇ ಗೊತ್ತು. ಇಂದಿಗೂ ಹಾಲು ಕುಡಿಸಿದ ಅಜ್ಜಿ ಕೂಸಿನ ಹೊಟ್ಟೆಯ ಮೇಲೆ ಅಂಗೈ ಆಡಿಸುತ್ತ ಅದನ್ನೇ ಹೇಳುತ್ತಾಳೆ. ಆದರೆ ಪಂಡಿತರು ಮುಂದಿನದನ್ನು ಗಮನಿಸಿಲ್ಲ. ಮಹಾಭಾರತದ ಪ್ರಕಾರ ಋಷಿಗಳು ತಮ್ಮನನ್ನು ತಿಂದದ್ದಷ್ಟೇ ಅಲ್ಲ, ಅಣ್ಣನಿಂದ ಹೊನ್ನನ್ನೂ ರಥವನ್ನೂ ಪಡೆದು ಹೊರಟರು. ಉಂಡೂ ಹೋದ, ಕೊಂಡೂ ಹೋದ! 1992ರಲ್ಲಿ ನಾಗತಿಹಳ್ಳಿ ಚಂದ್ರಶೇಖರರು ಇದೇ ಹೆಸರಿನ ಸಿನಿಮಾ ಮಾಡಿದರು. ಬಾದಾಮಿಗೆ ಒಂದು ಕೃತಜ್ಞತಾ ಕಾರ್ಡೂ ಹಾಕಿದಂತಿಲ್ಲ. ಆ ರಾತ್ರಿ ಇಲ್ವಲ ಒಬ್ಬನೇ ಉಂಡಿರಬೇಕಲ್ಲ? ಪುಟ್ಟಣ್ಣನವರ ಇನ್ನೊಂದು ಕಾದಂಬರಿಯ ಹೆಸರು 'ಅವರಿಲ್ಲದೂಟ'. ಒಂದೇ ಪಂಕ್ತಿಯಲ್ಲಿ ಮೂರು ಶೀರ್ಷಿಕೆ. ಶ್ರೀರಂಗರ 'ಉದರ ವೈರಾಗ್ಯ'ವನ್ನೂ ಇದೇ ಹೊಟ್ಟೆಗೆ ಸೇರಿಸುವ ಆಸೆಯಿತ್ತು, ಆದರೆ ಆ ಮಾತು ಪುರಂದರದಾಸರದೆಂದು ಎಲ್ಲರಿಗೂ ಗೊತ್ತಿರುವುದರಿಂದ ಕೈಬಿಟ್ಟಿದ್ದೇನೆ.

ಹುನಗುಂದ ಸೀಮೆಯ ಐಹೊಳೆಯಲ್ಲಿ ಪುರಾಣ ಬೇಡ, ತಾರೀಖೇ ಇದೆ. 634ರಲ್ಲಿ ರವಿಕೀರ್ತಿ ಮೇಗುತಿ ಗುಡಿಯ ಗೋಡೆಯ ಮೇಲೆ ಇಮ್ಮಡಿ ಪುಲಿಕೇಶಿಯನ್ನು ಹೊಗಳಿದ. ಹೊಗಳಿ ಮುಗಿದ ಮೇಲೂ ಕಲ್ಲು ಉಳಿಯಿತೆಂದು ಕಾಣುತ್ತದೆ. ತಾನು ಕಾಳಿದಾಸ, ಭಾರವಿಗಳ ಕೀರ್ತಿಗೆ ಸಮನೆಂದೂ ಕೆತ್ತಿಸಿದ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕೆ? ನಮ್ಮ ಪುಸ್ತಕಗಳ ಬೆನ್ನುಡಿಗೂ ಮೂಲ ಇದೇ. ನಗಬೇಡಿ: ಕಾಳಿದಾಸ 634ಕ್ಕಿಂತ ಈಚಿನವನಲ್ಲ ಎಂದು ವಿದ್ವಾಂಸರು ಹೇಳುವುದು ಈ ಆತ್ಮಪ್ರಶಂಸೆಯನ್ನು ನೆಚ್ಚಿಕೊಂಡೇ.

ಬಾಗಲಕೋಟೆಯದು ಎರಡೇ ಮಾತು. "ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ" ಎಂಬ ಗಾದೆ ಅಲ್ಲಿ ಚಲಾವಣೆ ಕಳೆದುಕೊಂಡಿದೆ. ಆಲಮಟ್ಟಿಯ ಹಿನ್ನೀರೇ ಊರಿಗೆ ಬಂತು, ಊರು ನವನಗರಕ್ಕೆ ಹೋಯಿತು.

ಇನ್ನು "ಅಜ್ಜಿಗೆ ಅರಿವಿ ಚಿಂತಿ". ಅರಿವೆಯ ಮಾತು ಬಂದ ಮೇಲೆ ಅದು ಇಳಕಲ್ಲಿನದೇ, ಚರ್ಚೆಯಿಲ್ಲ. ಉತ್ತರಾರ್ಧದಲ್ಲಿ ಮೊಮ್ಮಗಳ ಚಿಂತೆ ಬರುತ್ತದೆ. ಅದರ ಒಂದು ಪಾಠ ಅಚ್ಚಿಗೆ ಯೋಗ್ಯವಲ್ಲ. ಇಳಕಲ್ಲ ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಗಾದೆಯ ಎರಡು ಅರ್ಧಗಳ ನೇಯ್ಗೆಯೂ ಅದೇ. ನಮ್ಮ ಲೇಖಕರೋ ಒಡಲನ್ನು ಶೀರ್ಷಿಕೆಗೆ ಕತ್ತರಿಸಿಕೊಂಡು ತೋಪು ತೆನಿಯ ಸೆರಗನ್ನು ಮಗ್ಗದಲ್ಲೇ ಬಿಟ್ಟು ಹೋಗುತ್ತಾರೆ. ಸೀರೆಗೆ ಭೌಗೋಳಿಕ ಮಾನ್ಯತೆಯ ರಕ್ಷಣೆಯಿದೆ, ಗಾದೆಗಿಲ್ಲ.

ಈ ತೀರ್ಮಾನಗಳ ಬಗ್ಗೆ ತಕರಾರಿರುವ ವಿದ್ವಾಂಸರು ಪತ್ರ ಬರೆಯದೆ, ಖುದ್ದಾಗಿ ಬಾದಾಮಿಗೆ ಬಂದು ವಾದ ಮಂಡಿಸಬೇಕಾಗಿ ವಿನಂತಿ. ಊಟದ ವ್ಯವಸ್ಥೆ ನಮ್ಮದೇ.